ಕುರುಗೋಡು ಮೇಷ್ಟ್ರು ಮಾಡಿದ ಶಿಫಾರಸು

ಕರಿಕೋಟನ್ನು ಗೂಟಕ್ಕೆ ಹಾಕಿ ಬಹಳ ವರ್ಷಗಳಾದವು. ಆದರೂ ಹೊಸದಾಗಿ ವಕೀಲಿ ಸನ್ನದು ಪಡೆದ ಹುಡುಗ ಹುಡುಗಿಯರು ಆಗಾಗ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಚಹಾ ಕುಡಿಯುತ್ತಾ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: “ಮೇಡಂ, ನೀವು ನಡೆಸಿದ ದೊಡ್ಡ ಕೇಸು ಯಾವುದು?” ಕೊಲೆ, ದರೋಡೆ, ಗಣಿ ಜಗಳ ಇಂಥದ್ದೇನಾದರೂ ಹೇಳುತ್ತೇನೆಂದು ಅವರ ಆಸೆ. ಅಂಥವನ್ನೂ ನಡೆಸಿದ್ದೇನೆ, ಗೆದ್ದಿದ್ದೇನೆ, ಹೇಳಿಕೊಳ್ಳಲು ನನಗೆ ಸಂಕೋಚವೇನಿಲ್ಲ. ಆದರೆ ವಕೀಲಿಕೆ ಅಂದರೆ ಏನೆಂದು ನನಗೆ ಕಲಿಸಿದ್ದು ಕುರುಗೋಡಿನ ಒಬ್ಬ ಮೇಷ್ಟ್ರ ಪಿಂಚಣಿ ಅರ್ಜಿ. ಪಿಂಚಣಿ ಅಂದ ತಕ್ಷಣ ಹುಡುಗರ ಮುಖ ಸಪ್ಪಗಾಗುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಬೇಸರವಾದವರು ಪುಟ ಮಗುಚಿದರೆ ನನಗೇನೂ ತಿಳಿಯುವುದಿಲ್ಲ.

ನಾನು ಬಳ್ಳಾರಿ ಕೋರ್ಟಿಗೆ ಕಾಲಿಟ್ಟದ್ದು ಅರವತ್ತರ ದಶಕದ ಮೊದಲ ಭಾಗದಲ್ಲಿ. ವಕೀಲರ ಕೊಠಡಿಯಲ್ಲಿ ಹೆಂಗಸರು ಎಲ್ಲಿ ಕೂರಬೇಕೆಂದು ಯಾರೂ ಯೋಚಿಸಿರಲಿಲ್ಲ, ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ. ನಾನು ಯಾರನ್ನೂ ಕೇಳದೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತೆ. ಅದು ಯಾರೋ ಹಿರಿಯರ ಕುರ್ಚಿಯಂತೆ. ಅವರು ಬಂದರು, ನಿಂತು ನೋಡಿದರು, ಗಂಟಲು ಸರಿಮಾಡಿಕೊಂಡರು, ಕಡೆಗೆ ಬೇರೆ ಕುರ್ಚಿ ಹುಡುಕಿಕೊಂಡರು. ವೃತ್ತಿ ಬಿಡುವ ತನಕ ಆ ಕುರ್ಚಿ ನನ್ನದೇ ಆಗಿತ್ತು.

ನನ್ನ ಸೀನಿಯರ್ ವೆಂಕಟರಾಯರು. ಬಳ್ಳಾರಿ ಮದರಾಸಿಗೆ ಸೇರಿದ್ದ ಕಾಲದಿಂದ ವಕೀಲಿಕೆ ಮಾಡಿದವರು. ಮನೆಯಲ್ಲಿ ತೆಲುಗು, ಕೋರ್ಟಿನಲ್ಲಿ ಇಂಗ್ಲಿಷು, ಬೈಯುವುದಕ್ಕೆ ಮಾತ್ರ ಅಚ್ಚ ಬಳ್ಳಾರಿ ಕನ್ನಡ. ಅವರ ಬೈಗುಳ ತಾಳದೆ ಎಷ್ಟೋ ಜೂನಿಯರುಗಳು ಓಡಿಹೋಗಿದ್ದರು. ನಾನು ಓಡಲಿಲ್ಲ, ತಿರುಗಿ ಮಾತಾಡುತ್ತಿದ್ದೆ. ಅದು ತಮಗೆ ಇಷ್ಟವಾಗುತ್ತಿತ್ತೆಂದು ಅವರು ಸಾಯುವ ತನಕ ಒಪ್ಪಲಿಲ್ಲ.

ಮರೆವಿನ ಕಾಯಿಲೆಯ ಜೊತೆ ಕಾನೂನು ಹೇಗೆ ಮುಖಾಮುಖಿಯಾಗುತ್ತದೆಂದು ನಾನು ಮೊದಲು ಕಂಡದ್ದು ಸಿರುಗುಪ್ಪದಲ್ಲಿ. ಈಗ ಅದಕ್ಕೆ ಡಿಮೆನ್ಶಿಯಾ ಎಂಬ ಹೆಸರಿದೆ. ಆಗ ನಮ್ಮ ಜನ ಅರಳುಮರಳು ಎಂದು ಹೇಳಿ ಸುಮ್ಮನಾಗುತ್ತಿದ್ದರು. ಅಲ್ಲಿನ ಒಬ್ಬ ಭತ್ತದ ವ್ಯಾಪಾರಿ ತನ್ನ ಅಂಗಡಿಗೆ ಹೋಗುವ ದಾರಿಯನ್ನೇ ಮರೆಯತೊಡಗಿದ್ದರು. ಬ್ಯಾಂಕು, ಹೊಲ, ಅಂಗಡಿ ಎಲ್ಲವೂ ಅವರ ಒಬ್ಬರ ಹೆಸರಿನಲ್ಲೇ ಇತ್ತು. ಆಸ್ಪತ್ರೆಗೆ ಕರೆದೊಯ್ಯಲು ಹೆಂಡತಿಯ ಕೈಯಲ್ಲಿ ಏನೂ ಇರಲಿಲ್ಲ. ನನಗೆ ಇದು ನೀರು ಕುಡಿದಷ್ಟು ಸುಲಭವೆನಿಸಿತು. ಗಂಡನ ಪರವಾಗಿ ಹೆಂಡತಿ ವ್ಯವಹಾರ ನಡೆಸಬಹುದು ಎಂದು ಗಂಡನೇ ಬರೆದುಕೊಡುವ ಮುಖ್ತ್ಯಾರನಾಮೆಯನ್ನು ಚೆಂದವಾಗಿ ತಯಾರಿಸಿ, ಇಬ್ಬರನ್ನೂ ಕರೆದುಕೊಂಡು ಸಿರುಗುಪ್ಪದ ಸಬ್‌ರಿಜಿಸ್ಟ್ರಾರ್ ಮುಂದೆ ಹೋಗಿ ನಿಂತೆ.

ಸಬ್‌ರಿಜಿಸ್ಟ್ರಾರು ಕಾಗದವನ್ನು ವ್ಯಾಪಾರಿಯ ಕೈಗೆ ಕೊಟ್ಟು, “ಯಜಮಾನ್ರ, ಇದು ಯಾತರ ಕಾಗದ ಅಂತ ತಿಳದೈತೇನ್ರಿ?” ಎಂದು ಕೇಳಿದರು.

ವ್ಯಾಪಾರಿ ಅದನ್ನು ಹಿಂದೆ ಮುಂದೆ ತಿರುವಿ ನೋಡಿ ಮುಖ ಅರಳಿಸಿದರು. “ತಿಳೀಲಾರದ ಏನ್ರಿ? ಮಗಳ ಲಗ್ನಪತ್ರಿಕಿ. ಮನಿಮಂದಿನ್ನೆಲ್ಲಾ ಕರಕೊಂಡು ತಪ್ಪದಾ ಬರಬೇಕ್ರಿ ನೀವು.”

ಆ ಮಗಳಿಗೆ ಮದುವೆಯಾಗಿ ಅವಳ ಮಕ್ಕಳೇ ಶಾಲೆಗೆ ಹೋಗುತ್ತಿದ್ದರು. ಸಬ್‌ರಿಜಿಸ್ಟ್ರಾರು ಕಾಗದವನ್ನು ನನ್ನ ಕಡೆ ಸರಿಸಿದರು. “ಲಗ್ನಕ್ಕ ಬೇಕಾದ್ರ ಬರ್ತೀನ್ರಿ ಮೇಡಂ. ಆದ್ರ ಇದಕ್ಕ ಮುದ್ರಿ ಒತ್ತಾಕ ಆಗಂಗಿಲ್ಲ.”

ಬಳ್ಳಾರಿಗೆ ವಾಪಸಾದ ಮೇಲೆ ರಾಯರು ನನಗೆ ಮಂಗಳಾರತಿ ಎತ್ತಿದರು. “ಏಮಮ್ಮಾ, ಅಧಿಕಾರ ಕೊಡಾಕ ಮೊದ್ಲು ಬುದ್ಧಿ ಇರಬೇಕು. ಬುದ್ಧಿ ಇದ್ದಾಗ ಬರಕೊಟ್ಟಿದ್ರೂ ಅದು ಹೋದ ದಿನ ಆ ಕಾಗದನೂ ಸತ್ತಂಗ. ಲಾ ಕಾಲೇಜಿನ್ಯಾಗ ಕುರ್ಚಿ ಹಿಡಿಯೋದು ಒಂದಾ ಕಲಿಸಿದ್ರೇನು?”

ಹುಡುಗರೇ, ಇಷ್ಟನ್ನು ನೆನಪಿಡಿ. “ನಮ್ಮ ಮನೆಯವರಿಗೆ ಈಚೆಗೆ ಮರೆವು ಜಾಸ್ತಿಯಾಗಿದೆ” ಎಂದು ಯಾವ ಹೆಣ್ಣುಮಗಳಾದರೂ ಬಂದರೆ, ಮುಂದೆ ನೋಡೋಣ ಎಂದು ಕಳಿಸಬೇಡಿ. ಆತನಿಗೆ ತಾನು ಏನಕ್ಕೆ ಸಹಿ ಮಾಡುತ್ತಿದ್ದೇನೆಂದು ತಿಳಿಯುವ ತನಕ ಮಾತ್ರ ನಿಮ್ಮ ಕೈಯಲ್ಲಿ ಕಾಲವಿದೆ. ಬ್ಯಾಂಕಿನ ಖಾತೆಗೆ ಹೆಂಡತಿಯ ಹೆಸರನ್ನೂ ಸೇರಿಸಬೇಕು. ಆತ ಉಯಿಲು ಬರೆಯುವುದಿದ್ದರೆ, ಹೆಂಡತಿಗೆ ಏನಾದರೂ ಕೊಡುವುದಿದ್ದರೆ, ಆಗಲೇ ಆಗಬೇಕು. ಆ ಗೆರೆ ದಾಟಿದ ಮೇಲೆ ಉಳಿಯುವುದು ಕೋರ್ಟಿನ ದಾರಿಯೊಂದೇ. ಸಿರುಗುಪ್ಪದ ಆ ಹೆಣ್ಣುಮಗಳೂ ಜಿಲ್ಲಾ ಕೋರ್ಟಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ ಮೇಲೆಯೇ ಅಧಿಕಾರ ಪಡೆದಳು. ಅಷ್ಟು ಹೊತ್ತಿಗೆ ಗಂಡ ಹಾಸಿಗೆ ಹಿಡಿದಿದ್ದರು.

ಎಪ್ಪತ್ತರ ದಶಕದ ನಡುವೆ ನಾನು ಕೌಲ್ ಬಜಾರಿನ ಹತ್ತಿರ ಸ್ವಂತ ಕಚೇರಿ ಮಾಡಿಕೊಂಡಿದ್ದೆ. ಒಂದು ಬೆಳಿಗ್ಗೆ ಹಣೆಯ ತುಂಬ ವಿಭೂತಿ ಹಚ್ಚಿದ, ಇಳಕಲ್ ಸೀರೆಯುಟ್ಟ ಹಿರಿಯ ಹೆಂಗಸೊಬ್ಬರು ಬಂದು ಬಾಗಿಲ ಬಳಿ ನೆಲದ ಮೇಲೆಯೇ ಕೂತುಬಿಟ್ಟರು. ನಾನು ಕೈಹಿಡಿದು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದೆ.

“ಶಿವಮ್ಮ ಅಂತಾರ್ರಿ ನನಗ. ಕುರುಗೋಡು ಸಾಲಿ ಹೆಡ್‌ಮೇಷ್ಟ್ರ ಮನಿಯಾಕಿ,” ಎಂದರು. ಮೇಷ್ಟ್ರ ಹೆಸರು ಕೇಳಿದರೆ ನಕ್ಕು ಸೆರಗು ಬಾಯಿಗೆ ಅಡ್ಡ ಹಿಡಿದರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಅವರ ಕಾಲದವರಿಗೆ ಇರಲಿಲ್ಲ. ಚೀಲದಿಂದ ಪಿಂಚಣಿ ಪುಸ್ತಕ ತೆಗೆದು ಮುಂದಿಟ್ಟರು. ಚನ್ನಬಸಪ್ಪ ಎಂದಿತ್ತು.

ಚನ್ನಬಸಪ್ಪ ಮೇಷ್ಟ್ರು ನಿವೃತ್ತರಾಗಿ ಕೆಲವು ವರ್ಷಗಳಾದ ಮೇಲೆ ಮರೆವು ಶುರುವಾಗಿತ್ತು. ಮೊದಲು ಕನ್ನಡಕ, ಆಮೇಲೆ ಮನುಷ್ಯರು, ಆಮೇಲೆ ವರ್ಷಗಳು. ತಾನು ನಿವೃತ್ತನಾದದ್ದೇ ಅವರಿಗೆ ಮರೆತುಹೋಗಿತ್ತು. ಬೆಳಗಾದರೆ ಕೋಟು ತೊಟ್ಟು, ತಲೆಗೆ ಪಟಕ ಸುತ್ತಿ ಶಾಲೆಗೆ ಹೊರಡುತ್ತಿದ್ದರು. ಆ ಶಾಲೆಯಲ್ಲೇ ಜವಾನನಾಗಿದ್ದು ನಿವೃತ್ತನಾದ ಮಾರೆಪ್ಪ ದಿನವಿಡೀ ಅವರ ಹಿಂದೆಯೇ ಇರುತ್ತಿದ್ದ. ಕರೆದುಕೊಂಡು ಹೋಗಿ ಶಾಲೆಯ ಜಗುಲಿಯಲ್ಲಿ ಕೂರಿಸುವುದು, ಮಧ್ಯಾಹ್ನ ಊಟಕ್ಕೆ ಕರೆತರುವುದು ಅವನ ಕೆಲಸ. ಶಿವಮ್ಮ ಪಿಂಚಣಿಯಲ್ಲಿ ಅವನಿಗೊಂದು ಪಾಲು ಕೊಟ್ಟು ಸಂಸಾರ ತೂಗಿಸುತ್ತಿದ್ದರು. ಮಗಳನ್ನು ತೆಕ್ಕಲಕೋಟೆಗೆ ಕೊಟ್ಟಿದ್ದರು. ಆಕೆ ಬಂದು ಹೋಗಿ ಮಾಡುತ್ತಿದ್ದಳು.

ಇದೆಲ್ಲ ಕೆಟ್ಟದ್ದು ಬಳ್ಳಾರಿ ಖಜಾನೆಯ ಕಿಟಕಿಯಲ್ಲಿ. ಪಿಂಚಣಿ ಪಡೆಯಲು ಮೇಷ್ಟ್ರೇ ಖುದ್ದಾಗಿ ಬಂದು ಸಹಿ ಮಾಡಬೇಕಿತ್ತು. ಒಂದು ದಿನ ಮೇಷ್ಟ್ರು ಪೆನ್ನು ವಾಪಸು ಕೊಟ್ಟು, “ಪಿಂಚಣಿ ಯಾರಿಗ್ರಿ? ನಾನಿನ್ನೂ ಸರ್ವಿಸಿನ್ಯಾಗ ಅದೀನಿ. ಸರಕಾರದ ರೊಕ್ಕ ಎರಡ್ಯರಡು ಕಡೆ ತಗೊಂಡ್ರ ತಪ್ಪಾಗತೈತಿ,” ಅಂದರಂತೆ. ಸಹಿಯಿಲ್ಲದೆ ಕೊಡುವ ಅಧಿಕಾರ ಕಿಟಕಿಯ ಒಳಗಿದ್ದವರಿಗೂ ಇರಲಿಲ್ಲ. ಈ ಮನುಷ್ಯ ನಿವೃತ್ತರಾದದ್ದು ನಿಜವೇ ಎಂದು ಅವರು ಶಿಕ್ಷಣ ಇಲಾಖೆಗೆ ಪತ್ರ ಬರೆದರು. ನಿಜ, ಹಾರ ಹಾಕಿ ಕಳಿಸಿದ್ದೇವೆ ಎಂದು ಉತ್ತರವೂ ಬಂತು. ಆದರೆ ಮೇಷ್ಟ್ರ ಸಹಿ ಮಾತ್ರ ಬರಲಿಲ್ಲ. ಪಿಂಚಣಿ ನಿಂತೇಹೋಯಿತು.

“ಮಾರೆಪ್ಪ ರೊಕ್ಕ ಕೇಳಲಿಲ್ರಿ, ಸುಳ್ಳು ಯಾಕ ಹೇಳ್ಲಿ,” ಎಂದರು ಶಿವಮ್ಮ. “ಆದ್ರ ಅವನಿಗೂ ಹೊಟ್ಟಿ ಐತಲ್ರಿ. ಕೂಲಿಗೆ ಹೋದ. ಅವತ್ತು ಇವರು ಒಬ್ರೇ ಎದ್ದು ಗುಡ್ಡದ ಕಡಿ ಹೋಗಿಬಿಟ್ರು. ಕುರಿ ಕಾಯೋರು ನೋಡಿ ಕರಕೊಂಡು ಬಂದ್ರು. ಮಾರನೇ ದಿನ ನಾ ಬಾಗ್ಲಿಗೆ ಕೀಲಿ ಹಾಕಿದೆ. ಒಳಗ ಕುಂತು, ಸಾಲಿ ಗಂಟಿ ಆತು, ಬಾಗ್ಲಾ ತಗೀರಿ ಅಂತ ಬಡಕಂತಾರ್ರಿ ಲಾಯರಮ್ಮ. ಸಾಲಿ ಬಾಗ್ಲಾ ತೆಗೆಯೋದ್ರಾಗ ಜಲ್ಮ ಕಳದೋರಿಗೆ ನಾ ಕೀಲಿ ಹಾಕಬೇಕಾತಲ್ರಿ.”

ಆಕೆಗೆ ಬೇಕಾಗಿದ್ದದ್ದು ಅರಮನೆಯಲ್ಲ. ಪಿಂಚಣಿ ಬಂದರೆ ಮಾರೆಪ್ಪ ಬರುತ್ತಾನೆ, ಮಾರೆಪ್ಪ ಬಂದರೆ ಬಾಗಿಲ ಬೀಗ ತೆಗೆಯಬಹುದು. ಅಷ್ಟೇ ವಿಷಯ.

ಆಗ ನಮ್ಮ ಕೈಯಲ್ಲಿದ್ದದ್ದು ಬ್ರಿಟಿಷರ ಕಾಲದ ಲೂನಸಿ ಕಾಯಿದೆ. ಅದರಲ್ಲಿ ಉದ್ದನೆಯ ದಾರಿಯೊಂದಿತ್ತು, ಜಿಲ್ಲಾ ನ್ಯಾಯಾಲಯದಲ್ಲಿ ವಿಚಾರಣೆ ನಡೆಸಿ ಆಸ್ತಿ ನೋಡಿಕೊಳ್ಳಲು ಒಬ್ಬರನ್ನು ನೇಮಿಸುವುದು. ಸಿರುಗುಪ್ಪದಲ್ಲಿ ಆ ದಾರಿಯ ಉದ್ದ ನೋಡಿದ್ದೆ. ಆದರೆ ಕಾಯಿದೆಯ ಕೊನೆಯ ಕಡೆ ಒಂದು ಸಣ್ಣ ಕಲಮಿತ್ತು. ಸರ್ಕಾರದಿಂದ ಪಿಂಚಣಿ ಬರಬೇಕಾದವನ ಬುದ್ಧಿ ಸ್ವಾಧೀನದಲ್ಲಿ ಇಲ್ಲವೆಂದು ಮ್ಯಾಜಿಸ್ಟ್ರೇಟರು ಪ್ರಮಾಣಪತ್ರ ಕೊಟ್ಟರೆ, ಆತನನ್ನು ನೋಡಿಕೊಳ್ಳುವವರ ಕೈಗೆ ಆ ಹಣ ಕೊಡಬಹುದು. ಇದು ಸಾಕು ಎಂದು ನಾನು ಮೇಜು ತಟ್ಟಿದೆ.

ಶಿವಮ್ಮ ಮೇಜಿನ ಸದ್ದಿಗೆ ಒಪ್ಪುವವರಾಗಿರಲಿಲ್ಲ. “ಬುದ್ಧಿ ಸ್ವಾಧೀನದಾಗ ಇಲ್ಲ ಅಂದ್ರ ಏನ್ರಿ? ಹುಚ್ಚ ಅಂತ ಬರೀತಾರೇನು?”

ಕಾಯಿದೆಯಲ್ಲಿ ಇದ್ದದ್ದು ಅದೇ ಶಬ್ದ, ಇಂಗ್ಲಿಷಿನಲ್ಲಿ ಲೂನಾಟಿಕ್ ಎಂದು. ನಾನು ಮುಚ್ಚಿಡಲಿಲ್ಲ. ಅವರು ಚೀಲ ಎತ್ತಿಕೊಂಡು ಎದ್ದುಬಿಟ್ಟರು.

“ಬ್ಯಾಡ್ರಿ ಹಂಗಾರ. ಅವರು ಮರತಾರ ಅಷ್ಟಾ, ಹುಚ್ಚರಲ್ಲ. ಕೋರ್ಟಿನ್ಯಾಗ ಹಂಗಂತ ಕೂಗಿದ್ರ ನಾಳೆ ಧಾರವಾಡದ ಹುಚ್ಚರ ಆಸ್ಪತ್ರಿಗೆ ಒಯ್ತಾರ. ನಾ ಕೂಲಿ ಮಾಡಿ ಸಾಕ್ತೀನಿ.”

ನಾನು ಅವರ ದಾರಿಗೆ ಅಡ್ಡ ನಿಂತೆ. ಆ ಶಬ್ದ ನನ್ನ ಬಾಯಿಂದ ಒಮ್ಮೆಯೂ ಬರುವುದಿಲ್ಲ, ಕೋರ್ಟಿನಲ್ಲಿ ಯಾರೂ ಅದನ್ನು ಕೂಗುವುದಿಲ್ಲ, ಮೇಷ್ಟ್ರನ್ನು ಮನೆ ಬಿಟ್ಟು ಎಲ್ಲಿಗೂ ಒಯ್ಯಲು ನಾನು ಬಿಡುವುದಿಲ್ಲ ಎಂದು ಮಾತುಕೊಟ್ಟೆ. ಶಿವಮ್ಮ ಚೀಲ ಕೆಳಗಿಟ್ಟು ಮತ್ತೆ ಕೂತರು.

ಸಂಜೆ ಇದನ್ನು ರಾಯರಿಗೆ ಹೇಳಿದೆ. ಆಗ ಅವರಿಗೆ ವಯಸ್ಸಾಗಿ ಕೋರ್ಟಿಗೆ ಬರುವುದು ಕಡಿಮೆಯಾಗಿತ್ತು, ಬೈಯುವುದು ಕಡಿಮೆಯಾಗಿರಲಿಲ್ಲ. “ಮಾತು ಕೊಡಾಕ ನೀನೇನು ಮ್ಯಾಜಿಸ್ಟ್ರೇಟಾ?” ಎಂದರು.

“ಅಲ್ಲ ಸಾರ್. ಮ್ಯಾಜಿಸ್ಟ್ರೇಟರಿಗೆ ಹೇಳಿಕೊಡೋಳು,” ಎಂದೆ. ರಾಯರು ನಕ್ಕು ನಶ್ಯದ ಡಬ್ಬಿ ಹುಡುಕಿದರು. ಆಮೇಲೆ ಒಂದು ಮಾತು ಹೇಳಿದರು: “ಅರ್ಜಿ ಬರೆಯೋ ಮೊದ್ಲು ಅವರ ಮನಿಗೆ ಹೋಗು. ಕೋರ್ಟಿಗೆ ಬಂದ ಮನುಷ್ಯ ಬ್ಯಾರೆ, ಮನಿಯಾಗಿರೋ ಮನುಷ್ಯ ಬ್ಯಾರೆ.”

ಹೋದೆ. ಬಸ್ಸಿಳಿದು ಕುರುಗೋಡಿನ ಓಣಿಯಲ್ಲಿ ಮೇಷ್ಟ್ರ ಮನೆ ಕೇಳಿದರೆ ಕೂಸೂ ತೋರಿಸುತ್ತಿತ್ತು. ಮೇಷ್ಟ್ರು ಆಗತಾನೇ ಲಿಂಗಪೂಜೆ ಮುಗಿಸಿ ಕೂತಿದ್ದರು. ಎಲ್ಲ ಮರೆತರೂ ಕೈಗೆ ಆ ಪೂಜೆಯ ಕ್ರಮ ಮರೆತಿರಲಿಲ್ಲ. ನನ್ನನ್ನು ಕಂಡವರೇ ಎದ್ದು, “ಬರ್ರಿ ಟೀಚರಮ್ಮ, ಆರ್ಡರ್ ತಂದೀರೇನು? ಮೂರನೇ ಕ್ಲಾಸಿಗೆ ಕಲಿಸೋರಾ ಇಲ್ಲ, ಇವತ್ತಾ ಹಾಜರಾಗಿಬಿಡ್ರಿ,” ಎಂದರು. ನಾನು ಆಗಲಿ ಸಾರ್ ಎಂದೆ. ಮೇಷ್ಟ್ರು ಒಳಗಿನ ಕಡೆ ತಿರುಗಿ, “ಅಮ್ಮಾ, ತ್ರಾಸ ಆಗದಿದ್ರ ಟೀಚರಿಗೆ ಒಂದೀಟು ಚಾ ಮಾಡಿಕೊಡ್ತೀರೇನ್ರಿ?” ಎಂದು ಕೇಳಿದರು.

ನನಗೆ ಬಲು ಸಂತೋಷವಾಯಿತು. ನಮ್ಮ ಕಡೆ ಹೆಂಡತಿಯನ್ನು ‘ಲೇ’ ಎಂದು ಕರೆಯದ ಗಂಡಸರನ್ನು ನಾನು ಆ ತನಕ ಕಂಡಿರಲಿಲ್ಲ. ಒಳಗೆ ಹೋಗಿ ಶಿವಮ್ಮನವರಿಗೆ, “ಎಷ್ಟು ಮರ್ಯಾದಸ್ಥರು ನಿಮ್ಮ ಯಜಮಾನರು! ಹೆಂಡತಿಗೆ ಹೀಗೆ ಬಹುವಚನ ಕೊಡೋರು ಎಲ್ಲಿ ಸಿಗ್ತಾರೆ?” ಎಂದೆ. ಶಿವಮ್ಮ ಒಲೆಯ ಕಡೆ ಮುಖ ಮಾಡಿಕೊಂಡು ಬೆಂಕಿ ಊದತೊಡಗಿದರು. ನಾಚಿಕೆಯ ಸ್ವಭಾವ ಅಂದುಕೊಂಡೆ.

ಸಾಕ್ಷಿಗೆ ಇಬ್ಬರು ಸಿಕ್ಕರು. ಒಬ್ಬ ಮಾರೆಪ್ಪ, ಇನ್ನೊಬ್ಬರು ಪಂಚಾಯಿತಿ ಚೇರ್ಮನ್ನರಾಗಿದ್ದ ಬಸವನಗೌಡರು. ಗೌಡರು ಮೇಷ್ಟ್ರ ಹತ್ತಿರ ಏಟು ತಿಂದು ಅಕ್ಷರ ಕಲಿತವರು. ಮೇಷ್ಟ್ರಿಗಾಗಿ ಏನು ಬೇಕಾದರೂ ಮಾಡುತ್ತೇನೆಂದು ಎದೆ ತಟ್ಟಿಕೊಂಡರು. ಕಂಡದ್ದನ್ನು ಕಂಡಂತೆ ಹೇಳಿದರೆ ಸಾಕು ಎಂದು ಇಬ್ಬರಿಗೂ ಹೇಳಿ, ಕೇಸು ಗೆದ್ದಷ್ಟೇ ಧೈರ್ಯದಿಂದ ಬಳ್ಳಾರಿ ಬಸ್ಸು ಹತ್ತಿದೆ.

ವಿಚಾರಣೆಯ ದಿನ ಬಂತು. ಮ್ಯಾಜಿಸ್ಟ್ರೇಟರು ಮೈಸೂರು ಕಡೆಯಿಂದ ವರ್ಗವಾಗಿ ಬಂದ ಯುವಕರು, ಮೃದು ಮಾತಿನವರು. ಸರ್ಕಾರಿ ವೈದ್ಯರ ಪತ್ರ ಓದಿದರು. ಅದರಲ್ಲಿ ವಯೋಸಹಜ ತೀವ್ರ ಮರೆವು ಎಂದಿತ್ತು. “ಮರೆವು ನಮ್ಮ ಅಜ್ಜಿಗೂ ಇದೆ ಮೇಡಂ. ಕಾಯಿದೆಗೆ ಅಷ್ಟು ಸಾಲದು. ನಾನೇ ವಿಚಾರಿಸಬೇಕು,” ಎಂದರು. ಮೇಷ್ಟ್ರು ಕೋಟು, ಪಟಕ ತೊಟ್ಟು ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು. ಶಿವಮ್ಮ ಗೋಡೆಗೆ ಒರಗಿ ನಿಂತಿದ್ದರು.

ಮೊದಲು ಗೌಡರನ್ನು ಕರೆದರು. “ಚನ್ನಬಸಪ್ಪನವರ ಬುದ್ಧಿ ಸ್ಥಿಮಿತದಲ್ಲಿದೆಯೇ?” ಎಂದು ಮ್ಯಾಜಿಸ್ಟ್ರೇಟರ ಪ್ರಶ್ನೆ.

ಗೌಡರು ಒಮ್ಮೆ ಬೆಂಚಿನ ಕಡೆ ನೋಡಿದರು. ಮೇಷ್ಟ್ರೂ ಅವರನ್ನೇ ನೋಡುತ್ತಿದ್ದರು. ಗೌಡರ ಕೈ ತಾನಾಗಿಯೇ ಕಟ್ಟಿಕೊಂಡಿತು. “ಯಾರ ಬುದ್ಧಿ ಸಾಹೇಬ್ರ? ನಮ್ಮ ಮೇಷ್ಟ್ರದಾ? ಇಡೀ ಕುರುಗೋಡಿಗೆ ಬುದ್ಧಿ ಕಲಿಸಿದೋರ್ರಿ ಅವರು. ಅವರಿಗೆ ಬುದ್ಧಿ ಇಲ್ಲ ಅಂದ್ರ ನನ್ನ ನಾಲಿಗಿ ಬಿದ್ದು ಹೋಗತೈತಿ.”

ನಾನು ಕಣ್ಣು ಬಿಟ್ಟು ನೋಡಿದೆ. ಗೌಡರು ಫ್ಯಾನು ನೋಡತೊಡಗಿದರು. ಸರಿ, ಮಾರೆಪ್ಪ ಇದ್ದಾನಲ್ಲ, ಬಡವ, ದಿನಾ ಜೊತೆಗಿರುವವನು, ಅವನ ಅನ್ನವೂ ಇದರಲ್ಲೇ ಇದೆ ಎಂದುಕೊಂಡು ಅವನನ್ನು ನಿಲ್ಲಿಸಿದೆ. ನಿವೃತ್ತರಾದ ಮೇಲೂ ಮೇಷ್ಟ್ರು ದಿನಾ ಶಾಲೆಗೆ ಯಾಕೆ ಹೋಗುತ್ತಾರೆ ಎಂದು ನಾನೇ ಕೇಳಿದೆ.

“ಸಾಲಿ ಮ್ಯಾಲಿನ ಪ್ರೀತಿಗೆರಿ,” ಎಂದ ಮಾರೆಪ್ಪ.

“ಖಜಾನೆಯಲ್ಲಿ ಸಹಿ ಯಾಕೆ ಮಾಡಲಿಲ್ಲ?”

“ಪ್ರಾಮಾಣಿಕರ್ರಿ ಅವರು. ದುಡೀಲಾರದ ರೊಕ್ಕ ಮುಟ್ಟಂಗಿಲ್ಲ.”

“ಗುಡ್ಡದ ಕಡೆ ಹೋಗಿ ದಾರಿ ತಪ್ಪಿದ್ದು?”

“ಗಾಳಿ ಕುಡಿಯಾಕ ಹೋಗಿದ್ರು ಬಿಡ್ರಿ. ಯಾರು ಹೋಗಂಗಿಲ್ಲ?”

ಸಿಟ್ಟು ನೆತ್ತಿಗೇರಿತು. ಆದರೆ ಅವನ ಮುಖ ನೋಡಿದಾಗ ಸಿಟ್ಟು ಇಳಿಯಿತು. ಬೆವರು ಸುರಿಯುತ್ತಿತ್ತು. ಇವರ್ಯಾರೂ ಎದುರಾಳಿಯ ಕಡೆ ಸೇರಿದವರಲ್ಲ, ಎದುರಾಳಿಯೇ ಇರಲಿಲ್ಲ. ಮೇಷ್ಟ್ರು ಎದುರಿಗೆ ಕೂತಿರುವಾಗ ಮೇಷ್ಟ್ರ ಬುದ್ಧಿ ಹೋಗಿದೆ ಎಂದು ಹೇಳುವುದು ಆ ಊರಿನ ಮನುಷ್ಯನಿಂದ ಆಗದ ಕೆಲಸ. ಊರವರ ಗೌರವವೇ ಮೇಷ್ಟ್ರ ಮನೆಬಾಗಿಲಿಗೆ ಬೀಗ ಹಾಕುತ್ತಿತ್ತು. 

ಕಡೆಗೆ ಮ್ಯಾಜಿಸ್ಟ್ರೇಟರು ಮೇಷ್ಟ್ರನ್ನೇ ಹತ್ತಿರ ಕರೆದರು. ಮೇಷ್ಟ್ರು ಎದ್ದು, ಕೋಟಿನ ಗುಂಡಿ ಮುಟ್ಟಿ ನೋಡಿಕೊಂಡು, ಕೈಮುಗಿದು ಮುಂದೆ ಬಂದರು. “ನಮಸ್ಕಾರ್ರಿ ಸಾಹೇಬ್ರ. ಪ್ರಯಾಣ ಸುಖ ಆತೇನ್ರಿ?”

“ಆಯಿತು. ನೀವು ಚೆನ್ನಾಗಿದ್ದೀರಾ ಮೇಷ್ಟ್ರೇ?”

“ತಮ್ಮ ದಯಾ. ಮಕ್ಕಳು ಓದಾಕ ಹುಷಾರದಾರ. ಮಳಿ ಬಂದ್ರ ಉತ್ತರದ ಕೋಣಿ ಒಂದೀಟು ಸೋರತೈತ್ರಿ, ಅಷ್ಟಾ. ಮ್ಯಾಲಿನೋರಿಗೆ ಬರದು ಹಾಕೀನಿ.”

ಮ್ಯಾಜಿಸ್ಟ್ರೇಟರು ನನ್ನ ಕಡೆ ತಿರುಗಿದರು. “ಏನು ಮೇಡಂ ಇದು? ಇಷ್ಟು ಲಕ್ಷಣವಾಗಿ ಮಾತಾಡುವವರನ್ನು ನಾನು ಹೇಗೆ ಅಸ್ವಸ್ಥರು ಅನ್ನಲಿ?”

“ಅವರು ನಿಮ್ಮನ್ನು ಶಾಲಾ ಇನ್ಸ್‌ಪೆಕ್ಟರು ಅಂದುಕೊಂಡಿದ್ದಾರೆ ಸ್ವಾಮಿ. ಶಾಲೆಯ ತಪಾಸಣೆ ನಡೀತಿದೆ ಅಂತ ಅವರ ಭಾವನೆ.”

“ಈ ಊರಿನಲ್ಲಿ ನನ್ನನ್ನು ತಹಶೀಲ್ದಾರ್ ಅಂದುಕೊಂಡವರು ಎಷ್ಟೋ ಜನ ಇದ್ದಾರೆ. ಅವರಿಗೆಲ್ಲ ಪ್ರಮಾಣಪತ್ರ ಕೊಡಲೇ?”

ನಾನು ಕಡತದ ಹಾಳೆ ತಿರುವತೊಡಗಿದೆ. ವೃತ್ತಿಯಲ್ಲಿ ಹಾಗಾದದ್ದು ಅಪರೂಪ, ಅದಕ್ಕೇ ಚೆನ್ನಾಗಿ ನೆನಪಿದೆ. ಅವರು ಅರ್ಜಿ ವಜಾ ಮಾಡಲು ಪೆನ್ನು ಎತ್ತಿಕೊಂಡರು. ಆಗ ಶಿವಮ್ಮ ಗೋಡೆ ಬಿಟ್ಟು ಮುಂದೆ ಬಂದು, ತಲೆ ಮೇಲಿನ ಸೆರಗು ಸರಿಮಾಡಿಕೊಂಡು ನಿಂತರು.

“ಸಾಹೇಬ್ರ, ಒಂದಾ ಮಾತು,” ಎಂದರು. “ನಾ ಯಾರು ಅಂತ ಅವರ್ನ ಕೇಳ್ರಿ.”

ನನಗೂ ಆಕೆ ಏನು ಮಾಡುತ್ತಿದ್ದಾರೆಂದು ತಿಳಿಯಲಿಲ್ಲ. ಮ್ಯಾಜಿಸ್ಟ್ರೇಟರು ಪೆನ್ನು ಇಟ್ಟು, “ಮೇಷ್ಟ್ರೇ, ಇವರು ಯಾರು?” ಎಂದು ಕೇಳಿದರು.

ಮೇಷ್ಟ್ರು ಶಿವಮ್ಮನವರ ಕಡೆ ತಿರುಗಿ, ಪರಿಚಯವಿದ್ದವರನ್ನು ಕಂಡಂತೆ ನಕ್ಕರು. ಆಮೇಲೆ ಮ್ಯಾಜಿಸ್ಟ್ರೇಟರ ಹತ್ತಿರ ಸ್ವಲ್ಪ ಬಾಗಿ, ಆಕೆಗೆ ಕೇಳಿಸಬಾರದು ಅನ್ನುವಂತೆ ದನಿ ತಗ್ಗಿಸಿದರು. ಆದರೆ ಕೋಣೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಎಲ್ಲರಿಗೂ ಕೇಳಿಸಿತು.

“ಈ ತಾಯಿ ಹೆಸ್ರು ನನಗ ಗೊತ್ತಿಲ್ರಿ ಸಾಹೇಬ್ರ. ಯಾರ ಮನಿಯಾಕೀನೋ ಏನೋ, ಎಲ್ಲಿಂದ ಬರ್ತಾರೋ ತಿಳೀವಲ್ದು. ಆದ್ರ ಬಾಳ ಒಳ್ಳೆಯಾಕಿ. ಮುಂಜಾನೆ ನನ್ನ ಎಬ್ಬಿಸ್ತಾರ, ಮುಖಾ ತೊಳಸ್ತಾರ, ಅಂಗಿ ಗುಂಡಿ ಹಾಕ್ತಾರ, ರೊಟ್ಟಿ ಮುರದು ಕೊಡ್ತಾರ. ನಿಮಗ ಸಂಬಳ ಯಾರು ಕೊಡ್ತಾರಮ್ಮ ಅಂತ ಎಷ್ಟೋ ಸಲ ಕೇಳೀನಿ, ಉತ್ತರಾ ಕೊಡಂಗಿಲ್ಲ. ಅಂದ್ರ ಯಾರೂ ಕೊಡವಲ್ರು ಅಂತ ಆತಲ್ರಿ? ಇಂಥೋರ್ನ ಪುಕ್ಕಟೆ ದುಡಿಸಿಕೊಳ್ಳೋದು ನಮ್ಮ ಇಲಾಖೆಗೆ ಶೋಭಾ ಅಲ್ಲ. ತಾವು ಹೆಂಗೂ ಸಾಲಿ ನೋಡಾಕ ಬಂದೀರಿ. ದೊಡ್ಡ ಮನಸು ಮಾಡಿ ಇವರಿಗೊಂದು ಸಂಬಳ ಮಂಜೂರು ಮಾಡಿಸ್ರಿ.”

ಶಿವಮ್ಮ ನೆಲ ನೋಡುತ್ತಾ ನಿಂತಿದ್ದರು. ಬಸವನಗೌಡರು ಹೆಗಲ ಮೇಲಿನ ಶಲ್ಯದಿಂದ ಮುಖ ಮುಚ್ಚಿಕೊಂಡು, “ಸಾಹೇಬ್ರ, ನಾ ಮೊದ್ಲು ಹೇಳಿದ್ದು ಹೊಡದು ಹಾಕ್ರಿ,” ಎಂದು ಅಳತೊಡಗಿದರು. ಮಾರೆಪ್ಪ ಬಾಗಿಲ ಹೊರಗೆ ಹೋಗಿಬಿಟ್ಟ. ನಾನೂ ಅತ್ತೆ, ವಕೀಲರು ಅಳಬಾರದೆಂದು ಯಾವ ಕಾಯಿದೆಯಲ್ಲೂ ಬರೆದಿಲ್ಲ. ಹೆಂಡತಿಗೆ ಬಹುವಚನ ಕೊಡುವ ಗಂಡನೆಂದು ನಾನು ಮೆಚ್ಚಿದ್ದು ಗುರುತು ಸಿಗದ ಹೆಂಗಸಿಗೆ ಆತ ಕೊಡುತ್ತಿದ್ದ ಮರ್ಯಾದೆಯಾಗಿತ್ತು.

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಆಗಲಿ ಮೇಷ್ಟ್ರೇ,” ಎಂದರು. “ನಿಮ್ಮ ಶಿಫಾರಸಿನಂತೆ ಮಂಜೂರು ಮಾಡುತ್ತೇನೆ.”

“ಈ ತಿಂಗಳಿಂದನಾ ಸಿಗಂಗ ನೋಡ್ರಿ. ಆರ್ಡರ್ ಬರೋದು ತಡಾ ಆಗತೈತಿ ನಮ್ಮ ಇಲಾಖೆದಾಗ,” ಎಂದು ಮೇಷ್ಟ್ರು ನೆನಪಿಸಿ ತಮ್ಮ ಬೆಂಚಿಗೆ ಹೋಗಿ ಕೂತರು.

ಆದೇಶ ಇಂಗ್ಲಿಷಿನಲ್ಲಿ ಆಯಿತು. ಕಾಯಿದೆಗೆ ಬೇಕಾದ ಆ ಶಬ್ದವನ್ನು ಅವರು ಬರೆದರು, ಓದಿ ಹೇಳಲಿಲ್ಲ. ಮೇಷ್ಟ್ರು ಹೆಂಡತಿಯ ಜೊತೆ ಸ್ವಂತ ಮನೆಯಲ್ಲೇ ಇರತಕ್ಕದ್ದು ಎಂಬ ಒಂದು ಸಾಲನ್ನು ನಾನು ಕೇಳಿ ಸೇರಿಸಿಕೊಂಡೆ. ನಾನು ಕೊಟ್ಟ ಮಾತು ಉಳಿಯಿತು.

ಹೊರಗೆ ಬೇವಿನ ಮರದ ಕೆಳಗೆ ಶಿವಮ್ಮ ತಂದಿದ್ದ ರೊಟ್ಟಿಯ ಗಂಟು ಬಿಚ್ಚಿ ಮೇಷ್ಟ್ರಿಗೆ ಮುರಿದು ಕೊಡುತ್ತಿದ್ದರು. ಗುರುತು ಸಿಗುವುದಿಲ್ಲವೆಂದು ನನಗೆ ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದೆ.

“ಏನಂತ ಹೇಳ್ಲಿ ಲಾಯರಮ್ಮ? ಗಂಡಗ ನನ್ನ ಗುರ್ತು ಇಲ್ಲ ಅಂತ ಯಾವ ಹೆಣ್ಮಗಳು ಮಂದಿ ಮುಂದ ಹೇಳ್ಕೊಂತಾಳ? ಮೊದ್ಲು, ಲೇ ಶಿವಿ, ಎಲ್ಲಿ ಸತ್ತಿ ಅಂತ ಕೂಗ್ತಿದ್ರು. ಈಗ ಅಮ್ಮಾ ಬರ್ರಿ, ಅಮ್ಮಾ ಕುಂದರ್ರಿ. ಅವತ್ತು ನೀವು ಮರ್ಯಾದಸ್ಥರು ಅಂದ್ರಿ ನೋಡ್ರಿ, ಆ ಮಾತಿಗೆ ಬಾಳ ಅತ್ತೀನಿ ನಾನು.” ಸೆರಗಿನಿಂದ ಮೂಗು ಒರೆಸಿಕೊಂಡು ಮೇಷ್ಟ್ರ ಗಡ್ಡಕ್ಕೆ ಅಂಟಿದ್ದ ಚಟ್ನಿಪುಡಿ ಒರೆಸಿದರು. “ಆದ್ರ ಲಗ್ನ ಆದಾಗಿಂದ ಒಮ್ಮಿನೂ ಒಳ್ಳೆಯಾಕಿ ಅಂದಿದ್ದಿಲ್ರಿ ಈ ಮನಷಾ. ಇವತ್ತು ಕೋರ್ಟಿನ್ಯಾಗ ಅಂದ್ರು. ನೀವೆಲ್ಲಾ ಕೇಳೀರಿ.”

ಅಂದಿನಿಂದ ನಾನು ಇಂಥ ಅರ್ಜಿಗಳ ರೀತಿಯನ್ನೇ ಬದಲಿಸಿದೆ. ಸಾಕ್ಷಿಗಳನ್ನು, ಕಾಯಿಲೆಯವರ ಬುದ್ಧಿ ಸರಿಯಿದೆಯೇ ಎಂದು ಕೇಳಲೇ ಇಲ್ಲ. ಬೆಳಿಗ್ಗೆ ಎದ್ದ ಮೇಲೆ ಏನು ಮಾಡುತ್ತಾರೆ, ಅಂಗಿ ಯಾರು ತೊಡಿಸುತ್ತಾರೆ, ಬಾಗಿಲು ತೆರೆದಿದ್ದರೆ ಎಲ್ಲಿಗೆ ಹೋಗುತ್ತಾರೆ, ಇಷ್ಟೇ ಕೇಳುತ್ತಿದ್ದೆ. ಅದೂ ಆ ವ್ಯಕ್ತಿಯನ್ನು ಹೊರಗೆ ಕೂರಿಸಿ. ಜನ ಒಂದು ದಿನದ ಕಥೆಯನ್ನು ಸುಳ್ಳಿಲ್ಲದೆ ಹೇಳುತ್ತಾರೆ, ತೀರ್ಪು ಕೇಳಿದರೆ ಮಾತ್ರ ದಾಕ್ಷಿಣ್ಯಕ್ಕೆ ಬೀಳುತ್ತಾರೆ. ಎಲ್ಲಕ್ಕಿಂತ ಮೊದಲು ಹೆಂಡತಿಯೊಬ್ಬಳನ್ನೇ ಕೂರಿಸಿಕೊಂಡು, ಅವರಿಗೆ ನಿಮ್ಮ ಗುರುತು ಸಿಗುತ್ತದೆಯೇ ಎಂದು ಮೆಲ್ಲಗೆ ಕೇಳಿ. ಉತ್ತರ ಬರುವ ತನಕ ಗಡಿಬಿಡಿ ಮಾಡಬೇಡಿ. ಎಂಬತ್ತರ ದಶಕದ ಕೊನೆಗೆ ಆ ಹಳೆಯ ಕಾಯಿದೆ ಹೋಗಿ ಹೊಸದು ಬಂತು, ಶಬ್ದಗಳು ಸ್ವಲ್ಪ ಸಭ್ಯವಾದವು. ಆದರೆ ಈ ಪ್ರಶ್ನೆ ಕೇಳಬೇಕೆಂದು ಹೊಸ ಕಾಯಿದೆಯಲ್ಲೂ ಬರೆದಿಲ್ಲ, ನೀವೇ ಕೇಳಬೇಕು.

ಮೇಷ್ಟ್ರು ಆಮೇಲೆಯೂ ಕೆಲವು ವರ್ಷ ಬದುಕಿದ್ದರು. ಬಾಗಿಲಿಗೆ ಮತ್ತೆ ಬೀಗ ಬೀಳಲಿಲ್ಲ. ಮಾರೆಪ್ಪ ದಿನಾ ಬಂದು ಅವರನ್ನು ಶಾಲೆಗೆ ಕರೆದೊಯ್ಯುತ್ತಿದ್ದ. ಶಿವಮ್ಮ ತಿಂಗಳಿಗೊಮ್ಮೆ ಅವರಿಬ್ಬರನ್ನೂ ಕರೆದುಕೊಂಡು ಬಳ್ಳಾರಿಗೆ ಬಂದು, ಖಜಾನೆಯಲ್ಲಿ ತಮ್ಮ ಸಹಿ ಹಾಕಿ ಪಿಂಚಣಿ ಪಡೆದು, ನನ್ನ ಕಚೇರಿಗೆ ಬಂದು ಹೋಗುತ್ತಿದ್ದರು. ಆ ಶಿಫಾರಸೊಂದು ಹೇಗೋ ಮೇಷ್ಟ್ರ ನೆನಪಿನಲ್ಲಿ ಉಳಿದಿತ್ತು, ಕುರ್ಚಿಯಲ್ಲಿ ಕೂತು ಪ್ರತಿ ಸಲವೂ ಅದನ್ನೇ ಕೇಳುತ್ತಿದ್ದರು.

“ಅಮ್ಮಾ, ನಿಮ್ಮ ಸಂಬಳ ಆತೇನ್ರಿ?”

“ಆತ್ರಿ ಮೇಷ್ಟ್ರ.”

“ಸಾಹೇಬ್ರಿಗೆ ನಾನಾ ಹೇಳಿದ್ದೆ ಅವತ್ತು.”

“ಹೌದ್ರಿ,” ಎನ್ನುತ್ತಿದ್ದರು ಶಿವಮ್ಮ, ಅವರ ಕೋಟಿನ ಗುಂಡಿ ಹಾಕುತ್ತಾ. “ನೀವಾ ಕೊಡಿಸಿದ್ದು.”